ಹಲ್ಲು ಎಷ್ಟು ಸವೆಯಿತು? ತ್ರೀಡಿ ಸ್ಕ್ಯಾನ್‌ನಿಂದ ವರ್ಷದಿಂದ ವರ್ಷಕ್ಕೆ ಅಳೆಯುವ ಕ್ರಮ

ಯಾವ ತೊಂದರೆಯೂ ಇಲ್ಲದವರ ಬಾಯಲ್ಲೂ ದವಡೆ ಹಲ್ಲಿನ ಎನಾಮೆಲ್, ಎದುರು ಹಲ್ಲು ತಾಗುವ ಜಾಗದಲ್ಲಿ, ವರ್ಷಕ್ಕೆ ಸುಮಾರು 29 ಮೈಕ್ರಾನ್ ಸವೆಯುತ್ತದೆ. ಮುಂದವಡೆ ಹಲ್ಲಿನಲ್ಲಿ ಇದು ಸುಮಾರು 15. ಬೆಲ್ಜಿಯಂನ ಲ್ಯಾಂಬ್ರೆಕ್ಟ್ಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಂಕಿಗಳಿವು. ಹೋಲಿಕೆಗೆ ಇವತ್ತಿಗೂ ಇವೇ ಬಳಕೆಯಲ್ಲಿವೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಅಂದರೆ ನಾವು ಹುಡುಕುತ್ತಿರುವ ಬದಲಾವಣೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ, ಬಾಯೊಳಗಿನ ಸ್ಕ್ಯಾನರ್ ತಾನೇ ತಪ್ಪುವ ಪ್ರಮಾಣಕ್ಕೆ ಹೆಚ್ಚುಕಡಿಮೆ ಸಮ. ಹಾಗಾಗಿ ಈ ಕೆಲಸದಲ್ಲಿ ಸ್ಕ್ಯಾನ್ ತೆಗೆಯುವುದೇ ಸುಲಭದ ಪಾಲು. ಎರಡು ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವುದು, ಬಂದ ಸಂಖ್ಯೆ ಸವೆತವೋ ಯಂತ್ರದ ಗದ್ದಲವೋ (ಅಳತೆಯಲ್ಲೇ ನುಸುಳುವ ಏರುಪೇರು) ಎಂದು ತೀರ್ಮಾನಿಸುವುದು ಕಷ್ಟದ ಪಾಲು. ಬಣ್ಣಬಣ್ಣದ ನಕ್ಷೆಯನ್ನು ಯಾವ ಸಾಫ್ಟ್‌ವೇರ್ ಬೇಕಾದರೂ ಕೊಡುತ್ತದೆ. ನಂಬಬಹುದಾದ ಸಂಖ್ಯೆ ಮಾತ್ರ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಕಣ್ಣಳತೆಯ ಸೂಚ್ಯಂಕಗಳನ್ನು ಇದಕ್ಕಾಗಿ ಬಿಡಬೇಕಿಲ್ಲ. 2008ರಲ್ಲಿ ಬಂದ ಬಿಇಡಬ್ಲ್ಯುಇ (ಬೇಸಿಕ್ ಎರೋಸಿವ್ ವೇರ್ ಎಗ್ಸಾಮಿನೇಶನ್) ಪದ್ಧತಿಯಲ್ಲಿ ಬಾಯಿಯನ್ನು ಆರು ಭಾಗ ಮಾಡಿ, ಪ್ರತಿ ಭಾಗದ ಅತಿ ಹೆಚ್ಚು ಸವೆದ ಹಲ್ಲಿಗೆ 0ರಿಂದ 3ರವರೆಗೆ ಅಂಕ ಕೊಡುತ್ತಾರೆ; ಒಟ್ಟು 18. ಎರಡೇ ನಿಮಿಷದ ಕೆಲಸ. ಆದರೆ ಅದು ಈಗಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ವೇಗವನ್ನಲ್ಲ. 2 ಎಂದು ಬರೆದ ಹಲ್ಲು ಹತ್ತು ವರ್ಷದ ಹಿಂದೆ ಸವೆದು ನಿಂತುಬಿಟ್ಟಿರಬಹುದು, ಇಲ್ಲವೇ ಈಗಲೂ ಕರಗುತ್ತಿರಬಹುದು. ಸ್ಕ್ಯಾನ್ ಬೇಕಾಗುವುದು ಆ ಪ್ರಶ್ನೆಗೆ.

ಯಾರಿಗೆ, ಎಷ್ಟು ಅಂತರದಲ್ಲಿ

ಎಲ್ಲರಿಗೂ ಮಾಡುವುದು ವ್ಯರ್ಥ. ಹೊಟ್ಟೆಯ ಆಮ್ಲ ಬಾಯಿಗೆ ಬರುವವರು, ಮತ್ತೆಮತ್ತೆ ವಾಂತಿಯಾಗುವವರು, ನಿದ್ದೆಯಲ್ಲಿ ಹಲ್ಲು ಕಡಿಯುವವರು, ದಿನವಿಡೀ ಕೋಲಾ ಅಥವಾ ಲಿಂಬೆ ಪಾನಕ ಗುಟುಕರಿಸುವವರು, ವರ್ಷಗಟ್ಟಲೆ ಅಡಿಕೆ ಜಗಿದವರು, ಇದ್ದಿಲ ಪುಡಿಯಲ್ಲಿ ಉಜ್ಜುವವರು: ಇವರಿಗೆ ಮೊದಲ ಸ್ಕ್ಯಾನ್ ತೆಗೆದಿಡುವುದು ಲೇಸು.

ಮುಂದಿನ ಸ್ಕ್ಯಾನ್ ಯಾವಾಗ ಎನ್ನುವುದು ಒಂದು ಭಾಗಾಕಾರ. ನಿಮ್ಮ ಪದ್ಧತಿ ಗುರುತಿಸಬಲ್ಲ ಕನಿಷ್ಠ ಬದಲಾವಣೆ 40 ಮೈಕ್ರಾನ್ ಎಂದಿಟ್ಟುಕೊಳ್ಳಿ. ಸಹಜ ವೇಗದಲ್ಲಿ ಸವೆಯುವ ದವಡೆ ಹಲ್ಲು ಆ ಗಡಿ ಮುಟ್ಟಲು ಸುಮಾರು 17 ತಿಂಗಳು ಬೇಕು. ಆರು ತಿಂಗಳಿಗೆ ಕರೆದು ಅಳೆದರೆ 15 ಮೈಕ್ರಾನ್ ಬದಲಾವಣೆ ಗದ್ದಲದಲ್ಲಿ ಮುಳುಗಿರುತ್ತದೆ, ‘ಸವೆತ ನಿಂತಿದೆ’ ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ಸಾಮಾನ್ಯಕ್ಕೆ 12 ತಿಂಗಳು, ಆಮ್ಲದಿಂದ ವೇಗವಾಗಿ ಕರಗುತ್ತಿದೆ ಎಂಬ ಬಲವಾದ ಅನುಮಾನ ಇದ್ದರೆ 6 ತಿಂಗಳು. ಆರು ತಿಂಗಳಲ್ಲಿ ಏನೂ ಕಾಣದಿದ್ದರೆ ಅದರ ಅರ್ಥ ‘ಭಾರೀ ಸವೆತ ಇಲ್ಲ’ ಎಂದಷ್ಟೇ.

ಸ್ಕ್ಯಾನ್ ತೆಗೆಯುವ ದಿನ

ಟ್ರಿಯೋಸ್, ಐಟೆರೊ, ಪ್ರೈಮ್‌ಸ್ಕ್ಯಾನ್, ಮೆಡಿಟ್, ಯಾವ ಸ್ಕ್ಯಾನರ್ ಆದರೂ ಆದೀತು. ಷರತ್ತು ಒಂದೇ: ಮೊದಲನೆಯದಕ್ಕೆ ಯಾವ ಯಂತ್ರವೋ ಮುಂದಿನದಕ್ಕೂ ಅದೇ. ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ಹಲ್ಲನ್ನು ಬೇರೆ ಬೇರೆಯಾಗಿ ನಯಗೊಳಿಸುತ್ತವೆ. ಚೂಪಾದ ಅಂಚನ್ನು ಒಂದು ಉರುಟಾಗಿಸಿದಷ್ಟು ಇನ್ನೊಂದು ಉರುಟಾಗಿಸುವುದಿಲ್ಲ. ಆ ವ್ಯತ್ಯಾಸವೇ ಸವೆತದ ವೇಷ ಹಾಕಿ ಬರುತ್ತದೆ. ಸಾಫ್ಟ್‌ವೇರ್ ಆವೃತ್ತಿಯನ್ನೂ ಬರೆದಿಟ್ಟುಕೊಳ್ಳಿ, ಅಪ್‌ಡೇಟ್ ಆದಾಗ ಮೆಶ್ (ಸಣ್ಣ ತ್ರಿಕೋನಗಳಿಂದ ಹೆಣೆದ ಹಲ್ಲಿನ ಮೇಲ್ಮೈ) ತಯಾರಿಸುವ ರೀತಿ ಬದಲಾಗುವುದುಂಟು.

ತಯಾರಕರು ಹೇಳಿದ ಗಡುವಿಗೆ ಕ್ಯಾಲಿಬ್ರೇಶನ್ ಮಾಡಿ. ಅದರ ಮೇಲೆ ಒಂದು ಸ್ವಂತ ಪರೀಕ್ಷೆ ಇಟ್ಟುಕೊಳ್ಳುವುದು ಒಳ್ಳೆಯದು: ಹೊಳಪು ಕೊಡದ ಒಂದು ಜಿರ್ಕೋನಿಯಾ ಕ್ರೌನನ್ನು ಡಬ್ಬಿಯಲ್ಲಿಟ್ಟು, ರೋಗಿಗೆ ಮೊದಲು ಪ್ರತಿ ಸಲ ಅದನ್ನು ಸ್ಕ್ಯಾನ್ ಮಾಡಿ. ಕ್ರೌನ್ ಸವೆಯುವುದಿಲ್ಲ, ಎರಡು ವರ್ಷದ ಸ್ಕ್ಯಾನ್‌ಗಳಲ್ಲಿ ಅದು 30 ಮೈಕ್ರಾನ್ ಕುಗ್ಗಿದಂತೆ ಕಂಡರೆ ಜಾರಿದ್ದು ಯಂತ್ರ.

ಬಾಯಿಯ ತಯಾರಿಯಲ್ಲಿ ಅವಸರ ಬೇಡ. ಪ್ಲಾಕ್ ಮತ್ತು ಕಿಟ್ಟವನ್ನು ಎರಡೂ ಭೇಟಿಯಲ್ಲಿ ಒಂದೇ ಮಟ್ಟಕ್ಕೆ ತೆಗೆಯಬೇಕು. ಕೆಳಗಿನ ಬಾಚಿ ಹಲ್ಲುಗಳ ನಾಲಿಗೆ ಬದಿಯಲ್ಲಿ ಕಿಟ್ಟ ಬಿಟ್ಟು ಮೊದಲ ಸ್ಕ್ಯಾನ್ ತೆಗೆದು, ನಂತರ ಕ್ಲೀನಿಂಗ್ ಮಾಡಿಸಿ ಎರಡನೆಯದನ್ನು ತೆಗೆದರೆ ಅಲ್ಲಿ ನೂರಾರು ಮೈಕ್ರಾನ್ ‘ಸವೆತ’ ಸಿಗುತ್ತದೆ. ಕೆನ್ನೆ ಎಳೆಯುವ ರಿಟ್ರ್ಯಾಕ್ಟರ್ ಹಾಕಿ, ಜೊಲ್ಲು ಹೀರುವ ನಳಿಕೆ ಇಟ್ಟು, ಹಲ್ಲಿಗೆ ಗಾಳಿ ಊದಿ ಒಣಗಿಸಿ. ದವಡೆ ಹಲ್ಲಿನ ಬಿರುಕುಗಳಲ್ಲಿ ಜೊಲ್ಲು ನಿಂತರೆ ಸ್ಕ್ಯಾನರ್ ಅದರ ಮೇಲ್ಮೈಯನ್ನೇ ಹಲ್ಲೆಂದು ಓದುತ್ತದೆ: ಮೊದಲ ಸಲ ಒದ್ದೆ, ಎರಡನೇ ಸಲ ಒಣ ಇದ್ದರೆ ಸವೆತ ಹೆಚ್ಚು, ಉಲ್ಟಾ ಆದರೆ ಹಲ್ಲು ‘ಬೆಳೆದಿದೆ’. ಹತ್ತು ಸೆಕೆಂಡ್ ಮೇಲೆ ಮತ್ತೆ ಊದಬೇಕು, ಒಂದೇ ಸಲ ಒಣಗಿಸಿ ಇಡೀ ಸಾಲು ಮುಗಿಸಲು ಆಗುವುದಿಲ್ಲ. ಕುರ್ಚಿಯ ಮೇಲಿನ ದೀಪ ಆರಿಸಿ. ಪ್ರತಿಫಲನ ತಡೆಯಲು ಸಿಂಪಡಿಸುವ ಪುಡಿ ಈ ಕೆಲಸಕ್ಕೆ ಬೇಡವೇ ಬೇಡ. ಅದರ ಪದರವೇ ಹಲವು ಮೈಕ್ರಾನ್ ದಪ್ಪ, ಎರಡು ಸಲ ಒಂದೇ ಸಮ ಬೀಳುವುದೂ ಇಲ್ಲ.

ಸ್ಕ್ಯಾನ್ ದಾರಿಯನ್ನು ಗಟ್ಟಿ ಮಾಡಿಕೊಳ್ಳಿ: ಮೊದಲು ಜಗಿಯುವ ಮೇಲ್ಮೈ, ಹಿಂದಿನ ದವಡೆಯಿಂದ ಮುಂದಕ್ಕೆ, ಆಮೇಲೆ ನಾಲಿಗೆ ಅಥವಾ ಅಂಗುಳದ ಬದಿ, ಕೊನೆಗೆ ಕೆನ್ನೆ ಬದಿ. ಬಾಚಿ ಹಲ್ಲುಗಳ ತುದಿಯಲ್ಲಿ ಸ್ಕ್ಯಾನರನ್ನು ಎರಡೂ ಕಡೆಗೆ ವಾಲಿಸುತ್ತ ಸಾಗಿ. ಅಲ್ಲಿ ಎನಾಮೆಲ್ ಅರೆಪಾರದರ್ಶಕ, ಬೆಳಕು ಒಳಹೊಕ್ಕು ಚದುರಿ ಮೇಲ್ಮೈ ಒರಟಾಗಿ ದಾಖಲಾಗುತ್ತದೆ. ನಮಗೆ ಬೇಕಾದ ಹಲ್ಲಿನ ಸುತ್ತ ಎಲ್ಲೂ ರಂಧ್ರ ಉಳಿಯಬಾರದು, ಏಕೆಂದರೆ ಸಾಫ್ಟ್‌ವೇರ್ ಅದನ್ನು ಊಹೆಯಿಂದ ತುಂಬಿಬಿಡುತ್ತದೆ ಮತ್ತು ಆಮೇಲೆ ತೇಪೆ ಯಾವುದು ಹಲ್ಲು ಯಾವುದು ಗೊತ್ತಾಗುವುದಿಲ್ಲ. ಆದರೆ ಒಂದೇ ಜಾಗದ ಮೇಲೆ ಹತ್ತಾರು ಸಲ ಓಡಾಡಿಸುವುದೂ ತಪ್ಪು: ಪ್ರತಿ ಸಲ ಚಿತ್ರಗಳು ಸೇರಿಕೊಂಡು ಸರಾಸರಿಯಾಗಿ ಅಂಚುಗಳು ಮೊಂಡಾಗುತ್ತವೆ.

ಫೈಲನ್ನು ಎಸ್‌ಟಿಎಲ್ ಅಥವಾ ಬಣ್ಣ ಬೇಕಿದ್ದರೆ ಪಿಎಲ್‌ವೈ ರೂಪದಲ್ಲಿ, ಅತಿ ಹೆಚ್ಚು ರೆಸಲ್ಯೂಶನ್ನಿನಲ್ಲಿ ಹೊರತೆಗೆಯಿರಿ. ಇಮೇಲ್ ಮಾಡಲು ಕುಗ್ಗಿಸಿದ ಪ್ರತಿ ಅಳತೆಗೆ ಬಾರದು. ಹೆಸರಿನ ಬದಲು ರೋಗಿಯ ಸಂಕೇತ, ತಾರೀಕು, ಯಂತ್ರ, ಮೇಲಿನ ಸಾಲೋ ಕೆಳಗಿನದೋ, ಇಷ್ಟು ಫೈಲಿನ ಹೆಸರಲ್ಲೇ ಇರಲಿ. ಎಸ್‌ಟಿಎಲ್ ಒಳಗೆ ಸಾಮಾನ್ಯವಾಗಿ ರೋಗಿಯ ಹೆಸರು ಇರುವುದಿಲ್ಲ, ಜೊತೆಗೆ ಬರುವ ಫೋಲ್ಡರಿನಲ್ಲಿ ಇರಬಹುದು. ಬೇರೆಯವರಿಗೆ ಕಳಿಸುವ ಮುನ್ನ ನೋಡಿಕೊಳ್ಳಿ. ಎಸ್‌ಟಿಎಲ್‌ನಲ್ಲಿ ಅಳತೆಯ ಮಾನವೂ ಇರುವುದಿಲ್ಲ. ತೆರೆದ ಕೂಡಲೇ ಕೆಳಗಿನ ಮೊದಲ ದವಡೆ ಹಲ್ಲಿನ ಅಗಲ ಅಳೆಯಿರಿ, ಹಿಂದಿನಿಂದ ಮುಂದಕ್ಕೆ ಸುಮಾರು 11 ಮಿ.ಮೀ. ಬರಬೇಕು.

ಮೊದಲು ನಿಮ್ಮ ಗದ್ದಲವನ್ನು ಅಳೆಯಿರಿ

ಇದನ್ನು ಬಿಡುವವರೇ ಹೆಚ್ಚು, ಬಿಟ್ಟರೆ ಮುಂದಿನದೆಲ್ಲ ಅಂದಾಜು. ಕನಿಷ್ಠ ಹತ್ತು ಜನರ ಹಲ್ಲನ್ನು ಒಂದೇ ದಿನ ಎರಡೆರಡು ಸಲ ಸ್ಕ್ಯಾನ್ ಮಾಡಿ. ನಡುವೆ ಸ್ಕ್ಯಾನರ್ ಹೊರತೆಗೆದು, ಬಾಯಿ ಮುಚ್ಚಿಸಿ, ಮತ್ತೆ ಒಣಗಿಸಿ, ಹೊಸ ಫೈಲಿನಲ್ಲಿ ಶುರು ಮಾಡಬೇಕು. ಆ ಜೋಡಿಗಳನ್ನು ಕೆಳಗೆ ಹೇಳುವ ಕ್ರಮದಲ್ಲೇ ಕೂರಿಸಿ, ಅದೇ ಜಾಗದ ಸರಾಸರಿ ವ್ಯತ್ಯಾಸ ತೆಗೆಯಿರಿ. ಅರ್ಧ ಗಂಟೆಯಲ್ಲಿ ಹಲ್ಲು ಸವೆದಿಲ್ಲ, ಆದ್ದರಿಂದ ಬಂದದ್ದೆಲ್ಲ ಗದ್ದಲ. ಹತ್ತು ಸಂಖ್ಯೆಗಳ ಸ್ಟ್ಯಾಂಡರ್ಡ್ ಡೀವಿಯೇಶನ್ನನ್ನು (ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 1.96ರಿಂದ ಗುಣಿಸಿ. ಡೀವಿಯೇಶನ್ 11 ಮೈಕ್ರಾನ್ ಇದ್ದರೆ ನಿಮ್ಮ ಗಡಿ ಸುಮಾರು 22. ಹತ್ತು ಸಂಖ್ಯೆಗಳ ಸರಾಸರಿ ಸೊನ್ನೆಯಿಂದ ದೂರ ಇದ್ದರೆ ಎಲ್ಲೋ ಒಂದು ಕಡೆಗೆ ವಾಲುವ ತಪ್ಪಿದೆ, ಸಾಮಾನ್ಯವಾಗಿ ಒಣಗಿಸುವುದರಲ್ಲಿ.

ಬಾಚಿ ಹಲ್ಲಿನ ಗಡಿ ಬೇರೆ, ದವಡೆಯದ್ದು ಬೇರೆ. ಎರಡನೇ ದವಡೆ ಹಲ್ಲಿನ ಹಿಂಬದಿಗೆ ಸ್ಕ್ಯಾನರ್ ಸರಿಯಾಗಿ ತಲುಪದ ಕಾರಣ ಅಲ್ಲಿ ಗಡಿ ದೊಡ್ಡದಾಗುತ್ತದೆ. ಇಬ್ಬರು ಸ್ಕ್ಯಾನ್ ಮಾಡುವ ಕ್ಲಿನಿಕ್ಕಿನಲ್ಲಿ ಜೋಡಿಯ ಒಂದೊಂದನ್ನು ಒಬ್ಬೊಬ್ಬರು ತೆಗೆದು ಗಡಿ ಲೆಕ್ಕ ಹಾಕಬೇಕು, ಏಕೆಂದರೆ ವರ್ಷದ ಮೇಲೆ ರೋಗಿ ಬಂದಾಗ ಯಾರು ಇರುತ್ತಾರೋ.

ಒಂದರ ಮೇಲೊಂದು ಕೂರಿಸುವುದು

ಇಡೀ ದವಡೆಯನ್ನು ಇಡೀ ದವಡೆಯ ಮೇಲೆ ಕೂರಿಸಬೇಡಿ. ಸ್ಕ್ಯಾನರ್ ಚಿಕ್ಕ ಚಿಕ್ಕ ಚಿತ್ರಗಳನ್ನು ಹೊಲಿದು ಸಾಲು ಮಾಡುತ್ತದೆ. ಒಂದು ತುದಿಯ ದವಡೆಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಹೊಲಿಗೆಯ ತಪ್ಪು ಕೂಡಿಕೊಂಡು ನಾವು ಹುಡುಕುವ ಸವೆತಕ್ಕಿಂತ ದೊಡ್ಡದಾಗಿರುತ್ತದೆ. ಹಲ್ಲುಗಳೂ ಕದಲುತ್ತವೆ: ಸವೆದ ಹಲ್ಲು ನಿಧಾನಕ್ಕೆ ಮೇಲೇಳುವುದುಂಟು, ಪಕ್ಕದ ಹಲ್ಲು ಕಿತ್ತರೆ ವಾಲುವುದುಂಟು. ಒಸಡಂತೂ ಆಧಾರಕ್ಕೆ ಸಲ್ಲದು. ಸ್ಕ್ಯಾನಿನಲ್ಲಿ ಒಂದೊಂದು ಹಲ್ಲನ್ನು ಪ್ರತ್ಯೇಕವಾಗಿ ಕತ್ತರಿಸಿ ಹೋಲಿಸಬೇಕು.

ಎರಡನೇ ಬಲೆ ಇನ್ನೂ ಸೂಕ್ಷ್ಮ. ಬಹುಪಾಲು ಸಾಫ್ಟ್‌ವೇರ್‌ಗಳ ಒಳಗೆ ಇರುವುದು ಐಸಿಪಿ ಎಂಬ ಕ್ರಮ, 1992ರಲ್ಲಿ ಬೆಸ್ಲ್ ಮತ್ತು ಮೆಕೇ ಕೊಟ್ಟದ್ದು. ಎರಡು ಮೇಲ್ಮೈಗಳ ನಡುವಿನ ದೂರಗಳ ವರ್ಗಗಳ ಸರಾಸರಿ ಕನಿಷ್ಠವಾಗುವ ತನಕ ಅದು ಒಂದನ್ನು ಸರಿಸುತ್ತ, ತಿರುಗಿಸುತ್ತ ಹೋಗುತ್ತದೆ. ಎಲ್ಲಿ ಸವೆದಿದೆ ಎಂದು ಅದಕ್ಕೆ ಗೊತ್ತಿಲ್ಲ, ಸವೆತವನ್ನೂ ತಪ್ಪೆಂದೇ ತಿಳಿದು ಎಲ್ಲ ಕಡೆಗೂ ಹಂಚಿಬಿಡುತ್ತದೆ. ಸರಳ ಲೆಕ್ಕ ನೋಡಿ: ಒಂದೇ ದಿಕ್ಕಿಗೆ ಮುಖ ಮಾಡಿದ ಮೇಲ್ಮೈಯ ಮೂರನೇ ಒಂದು ಭಾಗ 90 ಮೈಕ್ರಾನ್ ಸವೆದಿದೆ, ಉಳಿದದ್ದು ಹಾಗೇ ಇದೆ. ವಾಲುವಿಕೆ ಬಿಟ್ಟು ಬರೀ ಸರಿಯುವಿಕೆ ಲೆಕ್ಕಕ್ಕೆ ತಗೊಂಡರೆ ಐಸಿಪಿ ಅದನ್ನು 30 ಮೈಕ್ರಾನ್ ಎತ್ತಿ ಕೂರಿಸುತ್ತದೆ. ನಕ್ಷೆಯಲ್ಲಿ ಸವೆದ ಜಾಗ 60 ಮಾತ್ರ, ಸವೆಯದ ಜಾಗ 30 ಮೈಕ್ರಾನ್ ಬೆಳೆದಂತೆ. ಜಗಿಯುವ ಮೇಲ್ಮೈಯನ್ನಷ್ಟೇ ಕತ್ತರಿಸಿ, ಅದು ಪೂರ್ತಿ ಒಂದೇ ಸಮ ಸವೆದಿದ್ದರೆ ಉತ್ತರ ಸೊನ್ನೆ. ವಯಸ್ಕರ ಹಲ್ಲು ಬೆಳೆಯುವುದಿಲ್ಲ. ನಕ್ಷೆಯಲ್ಲಿ ನಷ್ಟದ ಬಣ್ಣದ ಪಕ್ಕದಲ್ಲೇ ಅಷ್ಟೇ ದಟ್ಟವಾಗಿ ಬೆಳವಣಿಗೆಯ ಬಣ್ಣ ಇದ್ದರೆ ಕೂರಿಸಿದ್ದು ತಪ್ಪಿದೆ ಎಂದರ್ಥ.

ಪರಿಹಾರ, ಸವೆಯದ ಭಾಗವನ್ನು ನಾವೇ ಆರಿಸಿ ಅದರ ಮೇಲೆ ಮಾತ್ರ ಕೂರಿಸುವುದು. ಇಡೀ ಮೇಲ್ಮೈ ಬಳಸುವುದಕ್ಕಿಂತ ಇದರಲ್ಲಿ ತಪ್ಪು ಕಡಿಮೆ ಎಂದು ಲೀಡ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2019ರಲ್ಲಿ ತೋರಿಸಿದರು. ವೇರ್‌ಕಂಪೇರ್ ಎಂಬ ಉಚಿತ ಸಾಫ್ಟ್‌ವೇರ್ ಇದೇ ತತ್ವದ್ದು. ದವಡೆ ಹಲ್ಲಿಗೆ ಕೆನ್ನೆ ಬದಿ ಮತ್ತು ನಾಲಿಗೆ ಬದಿಯ ಗೋಡೆಗಳ ನಡುಭಾಗ ಆಧಾರವಾಗುತ್ತದೆ. ಎರಡೂ ಬದಿ ಬೇಕು, ಒಂದೇ ಬದಿಯಾದರೆ ಹಲ್ಲು ಆ ಗೋಡೆಯಿಂದ ತೂಗುಬಿದ್ದಂತಾಗಿ ಎದುರು ಬದಿಯಲ್ಲಿ ತಪ್ಪು ಹಿಗ್ಗುತ್ತದೆ. ಒಸಡಿನ ಅಂಚಿನಿಂದ 1 ಮಿ.ಮೀ. ದೂರ ಇರಿ. ಗಟ್ಟಿಯಾಗಿ ಬ್ರಶ್ ಮಾಡುವವರಲ್ಲಿ ಕುತ್ತಿಗೆಯ ಭಾಗ ತಾನೇ ಸವೆಯುತ್ತಿರುತ್ತದೆ, ಅದು ಬೇಡ. ಮೇಲಿನ ಬಾಚಿ ಹಲ್ಲಿನ ಅಂಗುಳದ ಬದಿ ವಾಂತಿ ಮತ್ತು ಹೊಟ್ಟೆಯ ಆಮ್ಲಕ್ಕೆ ಮೊದಲು ಬಲಿಯಾಗುವ ಜಾಗ, ಅಲ್ಲಿ ತುಟಿ ಬದಿಯನ್ನು ಆಧಾರ ಮಾಡಿ, ಪಕ್ಕದ ಗೋಡೆಗಳು ಎಷ್ಟು ಸುತ್ತಿ ಬಂದಿವೆಯೋ ಅಷ್ಟನ್ನೂ ಸೇರಿಸಿಕೊಳ್ಳಿ. ಫಿಲ್ಲಿಂಗ್ ಇದ್ದ ಜಾಗ ಬಿಡಿ. ನಡುವೆ ಯಾರಾದರೂ ಪಾಲಿಶ್ ಮಾಡಿದ್ದಾರೆಯೇ, ಕಚ್ಚು ಸರಿಪಡಿಸಲು ಉಜ್ಜಿದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಿ.

ಕ್ಲೌಡ್‌ಕಂಪೇರ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರಿನಲ್ಲಿ ಕೆಲಸ ಹೀಗೆ ಸಾಗುತ್ತದೆ. ಎರಡೂ ಎಸ್‌ಟಿಎಲ್ ತೆರೆದು, ಕತ್ತರಿ ಗುರುತಿನ ಸೆಗ್ಮೆಂಟ್ ಉಪಕರಣದಿಂದ ಬೇಕಾದ ಹಲ್ಲನ್ನು ಬೇರ್ಪಡಿಸಿ. ‘ಅಲೈನ್’ ಆಯ್ಕೆಯಲ್ಲಿ ಎರಡರಲ್ಲೂ ಒಂದೇ ನಾಲ್ಕು ಬಿಂದು ಗುರುತಿಸಿ ಒರಟಾಗಿ ಹತ್ತಿರ ತನ್ನಿ. ಬಿಂದುಗಳನ್ನು ಹಲ್ಲಿನ ಸುತ್ತ ಹರಡಿ ಇಡಬೇಕು, ನಾಲ್ಕೂ ಒಂದೇ ಮೊನೆಯ ಹತ್ತಿರ ಬೇಡ. ‘ಅಡ್ಜಸ್ಟ್ ಸ್ಕೇಲ್’ ಟಿಕ್ ಆಗಿದ್ದರೆ ತೆಗೆಯಿರಿ. ಅದು ಉಳಿದರೆ ಸಾಫ್ಟ್‌ವೇರ್ ಹಲ್ಲನ್ನೇ ಹಿಗ್ಗಿಸಿ ಸವೆತವನ್ನು ಅಳಿಸಿಹಾಕುತ್ತದೆ, ಮತ್ತು ಎಚ್ಚರಿಕೆ ಏನೂ ಬರುವುದಿಲ್ಲ. ಆಮೇಲೆ ಎರಡೂ ಹಲ್ಲಿನ ಪ್ರತಿ ಮಾಡಿ, ಪ್ರತಿಗಳಿಂದ ಆಧಾರ ಭಾಗವನ್ನಷ್ಟೇ ಕತ್ತರಿಸಿಕೊಳ್ಳಿ. ಮೊದಲ ಭೇಟಿಯ ತುಂಡು ಸುತ್ತಲೂ ಕೊಂಚ ದೊಡ್ಡದಿರಲಿ, ಆಗ ಎರಡನೆಯದರ ಪ್ರತಿ ಬಿಂದುವಿಗೂ ಎದುರಲ್ಲಿ ಜೋಡಿ ಸಿಗುತ್ತದೆ. ಟೂಲ್ಸ್, ರಿಜಿಸ್ಟ್ರೇಶನ್, ಫೈನ್ ರಿಜಿಸ್ಟ್ರೇಶನ್‌ಗೆ ಹೋಗಿ ಮೊದಲ ಭೇಟಿಯದ್ದನ್ನು ರೆಫರೆನ್ಸ್ ಮಾಡಿ ಓಡಿಸಿ. ಮುಗಿದ ಮೇಲೆ, ತುಂಡನ್ನು ಎಷ್ಟು ಸರಿಸಿ ತಿರುಗಿಸಿತು ಎಂದು ಹೇಳುವ 4 ಸಾಲು 4 ಕಂಬದ ಮ್ಯಾಟ್ರಿಕ್ಸ್ ಬರುತ್ತದೆ. ಅದನ್ನು ನಕಲು ಮಾಡಿ, ಎಡಿಟ್ ಮೆನುವಿನ ‘ಅಪ್ಲೈ ಟ್ರಾನ್ಸ್‌ಫರ್ಮೇಶನ್’ನಲ್ಲಿ ಎರಡನೇ ಭೇಟಿಯ ಪೂರ್ತಿ ಹಲ್ಲಿಗೆ ಹಾಕಿ. ಆಧಾರ ಭಾಗದಲ್ಲಿ ಉಳಿದ ಆರ್‌ಎಂಎಸ್ (ದೂರಗಳ ವರ್ಗಗಳ ಸರಾಸರಿಯ ವರ್ಗಮೂಲ) 20–30 ಮೈಕ್ರಾನ್ ಒಳಗಿದ್ದರೆ ಮುಂದುವರಿಯಬಹುದು. 50 ದಾಟಿದರೆ ಆಧಾರ ಭಾಗವೇ ಬದಲಾಗಿದೆ ಅಥವಾ ಸ್ಕ್ಯಾನ್ ಕೆಟ್ಟಿದೆ. ಬೇರೆ ಭಾಗ ಆರಿಸಿ ನೋಡಿ.

ಕ್ರಮ ಸರಿಯಿದೆಯೇ ಎಂದು ಪರೀಕ್ಷಿಸಲು ಒಂದೇ ಸ್ಕ್ಯಾನಿನ ಎರಡು ಪ್ರತಿ ತಗೊಂಡು, ಒಂದರಲ್ಲಿ ಜಗಿಯುವ ಮೇಲ್ಮೈಯ ತುಂಡನ್ನು 0.1 ಮಿ.ಮೀ. ಕೆಳಕ್ಕೆ ತಳ್ಳಿ, ಇಡೀ ಹಲ್ಲನ್ನು ಬೇಕಾಬಿಟ್ಟಿ ತಿರುಗಿಸಿಡಿ. ಎಲ್ಲ ಹೆಜ್ಜೆ ಮುಗಿದ ಮೇಲೆ 100 ಮೈಕ್ರಾನಿನ ಹತ್ತಿರ ಬರದಿದ್ದರೆ ರೋಗಿಯ ಹಲ್ಲಿಗೆ ಕೈ ಹಾಕಬೇಡಿ.

ಸಂಖ್ಯೆ ತೆಗೆಯುವುದು

ಮೆಶ್‌ನಲ್ಲಿ ಬಿಂದುಗಳು ಒಂದೇ ಸಮ ಹರಡಿರುವುದಿಲ್ಲ, ಬಾಗಿದ ಕಡೆ ದಟ್ಟ, ಸಪಾಟು ಕಡೆ ವಿರಳ. ಹಾಗೇ ಸರಾಸರಿ ತೆಗೆದರೆ ಮೊನೆಗಳಿಗೆ ಹೆಚ್ಚು ಮತ ಬೀಳುತ್ತದೆ. ಎರಡನೇ ಭೇಟಿಯ ಮೆಶ್ ಮೇಲೆ ‘ಸ್ಯಾಂಪಲ್ ಪಾಯಿಂಟ್ಸ್’ನಿಂದ ಚದರ ಮಿಲಿಮೀಟರಿಗೆ 100ರಂತೆ ಬಿಂದು ಹರಡಿ, ಆ ಬಿಂದುಗಳಿಂದ ಮೊದಲ ಭೇಟಿಯ ಮೆಶ್‌ಗೆ ‘ಕ್ಲೌಡ್ ಟು ಮೆಶ್’ ದೂರ ತೆಗೆಯಿರಿ. ‘ಸೈನ್ಡ್ ಡಿಸ್ಟೆನ್ಸಸ್’ ಟಿಕ್ ಇರಲಿ. ಮೆಶ್‌ನ ಮುಖಗಳು ಹೊರಕ್ಕೆ ತಿರುಗಿದ್ದರೆ ಋಣ ಸಂಖ್ಯೆ ನಷ್ಟ. ಕತ್ತರಿಸಿದ ಅಂಚಿನ ಹತ್ತಿರ ದೂರಗಳು ಸುಳ್ಳಾಗುವುದರಿಂದ ಸುತ್ತಲೂ 0.5 ಮಿ.ಮೀ. ಪಟ್ಟಿ ಬಿಟ್ಟು ಒಳಗಿನದ್ದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಅತಿ ಹೆಚ್ಚು ಸವೆದ ಒಂದೇ ಬಿಂದುವಿನ ಸಂಖ್ಯೆ ರೋಗಿಗೆ ಹೇಳಲು ಆಕರ್ಷಕ, ಆದರೆ ಅದು ಬಹುಪಾಲು ಮೆಶ್‌ನ ಒಂದು ಮುಳ್ಳು. ಅದರ ಬದಲು ನಷ್ಟದ 95ನೇ ಶೇಕಡಾಂಕ (ನೂರರಲ್ಲಿ 95 ಬಿಂದುಗಳ ನಷ್ಟ ಇದಕ್ಕಿಂತ ಕಡಿಮೆ) ಮತ್ತು ಗೊತ್ತುಮಾಡಿದ ಜಾಗದ ಸರಾಸರಿ, ಎರಡನ್ನೂ ಬರೆಯಿರಿ. ಘನಗಾತ್ರ ಬೇಕಿದ್ದರೆ ಸರಾಸರಿ ನಷ್ಟವನ್ನು ವಿಸ್ತೀರ್ಣದಿಂದ ಗುಣಿಸಿದರೆ ಸಾಕು: 30 ಚದರ ಮಿ.ಮೀ. ಜಾಗದಲ್ಲಿ ಸರಾಸರಿ 40 ಮೈಕ್ರಾನ್ ಹೋಗಿದ್ದರೆ 1.2 ಘನ ಮಿ.ಮೀ. ಕ್ಲೌಡ್‌ಕಂಪೇರ್‌ನ 2.5ಡಿ ಘನಗಾತ್ರವೂ ಇದೆ. ಅದು ಮೇಲಿಂದ ನೋಡಿ ಲೆಕ್ಕ ಹಾಕುವುದರಿಂದ ಕಡಿದಾದ ಗೋಡೆಗಳಲ್ಲಿ ನಂಬುವ ಹಾಗಿಲ್ಲ. ಘನಗಾತ್ರವನ್ನು ಬರೀ ಹೇಳಿದರೆ ಅರ್ಥವಿಲ್ಲ, ದೊಡ್ಡ ಹಲ್ಲು ಹೆಚ್ಚು ಕಳೆದುಕೊಳ್ಳುವುದು ಸಹಜ. ಚದರ ಮಿಲಿಮೀಟರಿಗೆ ಎಷ್ಟು ಎಂದು ಹೇಳಿ.

ಬಣ್ಣದ ಮಾಪಕವನ್ನು ಸಾಫ್ಟ್‌ವೇರಿನ ಇಷ್ಟಕ್ಕೆ ಬಿಡಬೇಡಿ. ಪ್ರತಿ ಸಲವೂ ಮೈನಸ್ 0.2ರಿಂದ ಪ್ಲಸ್ 0.2 ಮಿ.ಮೀ. ಎಂದು ಕಟ್ಟಿಹಾಕಿ, ನಿಮ್ಮ ಗಡಿಯ ಒಳಗಿನದ್ದೆಲ್ಲ ಬೂದು ಬಣ್ಣದಲ್ಲಿರಲಿ. ತಾನಾಗಿ ಹಿಗ್ಗುವ ಮಾಪಕದಲ್ಲಿ 15 ಮೈಕ್ರಾನ್ ಗದ್ದಲವೂ ಕೆಂಪಗೆ ಉರಿಯುತ್ತದೆ, ರೋಗಿ ಹೆದರುತ್ತಾರೆ.

ನಕ್ಷೆಯನ್ನು ಓದುವುದು

ಸಂಖ್ಯೆ ಎಷ್ಟು ಎಂದು ಹೇಳುತ್ತದೆ, ಏಕೆ ಎನ್ನುವುದು ಆಕಾರದಲ್ಲಿದೆ. ಮೇಲಿನ ಮತ್ತು ಕೆಳಗಿನ ಹಲ್ಲಿನ ನಷ್ಟದ ತೇಪೆಗಳು ಕಚ್ಚಿದಾಗ ಒಂದಕ್ಕೊಂದು ಹೊಂದಿ ಬಂದರೆ, ಅಂಚು ಚೂಪಾಗಿ ಸಪಾಟಾಗಿದ್ದರೆ, ಹಲ್ಲು ಕಡಿಯುವಿಕೆ. ದವಡೆ ಹಲ್ಲಿನ ಮೊನೆಗಳ ತುದಿಯಲ್ಲಿ ಬಟ್ಟಲಿನಂತೆ ಗುಳಿ ಬಿದ್ದು, ಎದುರು ಹಲ್ಲು ಅಲ್ಲಿ ತಾಗುವುದೇ ಇಲ್ಲ ಎಂದಾದರೆ ಆಮ್ಲ. ಅಂಗುಳದ ಬದಿಯಲ್ಲಿ ಮೇಲಿನ ಬಾಚಿ ಹಲ್ಲುಗಳೆಲ್ಲ ಒಂದೇ ಸಮ ತೆಳುವಾಗಿದ್ದರೆ ಹೊಟ್ಟೆಯ ಕಡೆಯಿಂದ ಬಂದ ಆಮ್ಲವನ್ನು ಮೊದಲು ಸಂಶಯಿಸಿ, ವೈದ್ಯರ ಬಳಿ ಕಳಿಸಿ. ಕೆನ್ನೆ ಬದಿಯ ಕುತ್ತಿಗೆಯಲ್ಲಿ ಬೆಣೆಯಾಕಾರದ ನಷ್ಟ, ಬಲಗೈಯವರಲ್ಲಿ ಎಡಬದಿಗೆ ಹೆಚ್ಚು ಎಂದಾದರೆ ಬ್ರಶ್. ಒಂದೇ ಕಡೆ ಥಟ್ಟನೆ 300 ಮೈಕ್ರಾನ್ ಹೋಗಿ ಸುತ್ತ ಏನೂ ಇಲ್ಲದಿದ್ದರೆ ಅದು ಸವೆತವಲ್ಲ, ಚೂರು ಮುರಿದಿದೆ, ಸರಾಸರಿಗೆ ಸೇರಿಸಬೇಡಿ. ಬಹುಪಾಲು ಬಾಯಿಗಳಲ್ಲಿ ಎರಡು ಮೂರು ಕಾರಣಗಳು ಬೆರೆತಿರುತ್ತವೆ, ಹಾಗಾಗಿ ಫೋಟೊ, ಬಿಇಡಬ್ಲ್ಯುಇ ಅಂಕ, ಊಟದ ಮತ್ತು ಔಷಧಿಯ ವಿವರ ಇಲ್ಲದೆ ನಕ್ಷೆಯೊಂದರಿಂದಲೇ ಚಿಕಿತ್ಸೆಗೆ ಇಳಿಯುವುದು ದುಡುಕು. ಮೂರನೇ ಸ್ಕ್ಯಾನ್ ಬಂದಾಗ ಅದನ್ನು ಎರಡನೆಯದರ ಜೊತೆಗೂ ಮೊದಲನೆಯದರ ಜೊತೆಗೂ ಹೋಲಿಸಿ. ಎರಡು ಅಂತರಗಳ ಮೊತ್ತ ಒಟ್ಟು ಅಂತರಕ್ಕೆ ಹತ್ತಿರ ಇರದಿದ್ದರೆ ಯಾವುದೋ ಒಂದು ಸಲ ಕೂರಿಸಿದ್ದು ತಪ್ಪಿದೆ.

ಹಳೆಯ ಅಚ್ಚುಗಳು

ಹತ್ತು ವರ್ಷದ ಹಿಂದೆ ಕ್ಲಿಪ್ ಹಾಕಿಸಿಕೊಂಡವರ ಜಿಪ್ಸಮ್ ಅಚ್ಚು ಎಲ್ಲೋ ಪೆಟ್ಟಿಗೆಯಲ್ಲಿದ್ದರೆ ಅದೇ ಮೊದಲ ಸ್ಕ್ಯಾನ್ ಆಗಬಲ್ಲದು. ಲ್ಯಾಬ್ ಸ್ಕ್ಯಾನರಿನಲ್ಲಿ ಅದನ್ನು ಸ್ಕ್ಯಾನ್ ಮಾಡಿಸಿ. ನಾಲ್ಕನೇ ದರ್ಜೆಯ ಗಟ್ಟಿ ಜಿಪ್ಸಮ್ ಗಟ್ಟಿಯಾಗುವಾಗ ಶೇ. 0.1ರಷ್ಟು ಹಿಗ್ಗಬಹುದು: 10 ಮಿ.ಮೀ. ಹಲ್ಲಿಗೆ 10 ಮೈಕ್ರಾನ್, 60 ಮಿ.ಮೀ. ಸಾಲಿಗೆ 60. ಹಲ್ಲೊಂದನ್ನೇ ಹೋಲಿಸಿದರೆ ಸಹಿಸಬಹುದಾದ ತಪ್ಪು. ಆಲ್ಜಿನೇಟ್‌ನಲ್ಲಿ ಅಳತೆ ತೆಗೆದು ಸಾಧಾರಣ ಪ್ಲಾಸ್ಟರ್‌ನಲ್ಲಿ ಎರೆದ ಅಚ್ಚಾದರೆ ಸಣ್ಣ ಗುಳ್ಳೆ, ಉಜ್ಜಿ ಮೊಂಡಾದ ಮೊನೆ ಎಲ್ಲವೂ ಇರುತ್ತವೆ. ಗುಳ್ಳೆ ಅಚ್ಚಿನ ಮೇಲೆ ಉಬ್ಬಾಗಿದ್ದರೆ ನಕ್ಷೆಯಲ್ಲಿ ಅದು ದುಂಡನೆಯ, ಆಳದ ನಷ್ಟವಾಗಿ ಕಾಣುತ್ತದೆ. ಮೊದಲು ಅಚ್ಚನ್ನು ಭೂತಗನ್ನಡಿಯಲ್ಲಿ ನೋಡಿ ಅಂಥ ಜಾಗಗಳನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿ ಫೋಟೊ ತೆಗೆದಿಡಿ, ಆ ಜಾಗಗಳನ್ನು ಲೆಕ್ಕದಿಂದ ಕತ್ತರಿಸಿ. ಅಚ್ಚು ಒಂದು ಕಡೆ, ಬಾಯೊಳಗಿನ ಸ್ಕ್ಯಾನ್ ಇನ್ನೊಂದು ಕಡೆ ಇರುವ ಹೋಲಿಕೆಗೆ ಗಡಿಯನ್ನೂ ಬೇರೆಯಾಗಿ ಅಳೆಯಬೇಕು: ಇವತ್ತೇ ಅಳತೆ ತೆಗೆದು ಅಚ್ಚು ಎರೆದು, ಅದನ್ನೂ ಇವತ್ತಿನ ಬಾಯಿಯ ಸ್ಕ್ಯಾನನ್ನೂ ಹತ್ತು ಜೋಡಿ ಹೋಲಿಸಿ. ಆ ಗಡಿ ದೊಡ್ಡದೇ ಬರುತ್ತದೆ, ಆದರೆ ಹತ್ತು ವರ್ಷದ ಸವೆತ ಸಾಮಾನ್ಯವಾಗಿ ಅದನ್ನು ಸುಲಭವಾಗಿ ದಾಟಿರುತ್ತದೆ.